ರಬ್ಬರ್ ಹಾಲಿಗೆ ಕಸಿ: ಕರಾವಳಿಯ ಬೆಳೆಗಾರರಿಗೊಂದು ಬಹಿರಂಗ ಪತ್ರ

ಸುಳ್ಯ, ಕಡಬ, ಪುತ್ತೂರು, ಬೆಳ್ತಂಗಡಿ ತಾಲೂಕುಗಳ ರಬ್ಬರ್ ಬೆಳೆಗಾರ ಬಂಧುಗಳಿಗೆ ಮತ್ತು ಅವರ ಸಹಕಾರ ಸಂಘಗಳ ನಿರ್ದೇಶಕರಿಗೆ,

2011ರಲ್ಲಿ ಆರ್‌ಎಸ್‌ಎಸ್-4 ಶೀಟಿನ ಬೆಲೆ ಕಿಲೋಗೆ 240 ರೂಪಾಯಿಯ ಆಸುಪಾಸಿಗೆ ಏರಿದಾಗ ಅಡಿಕೆ ತೋಟದ ಮೇಲಿನ ಗುಡ್ಡಗಳಿಗೂ ರಬ್ಬರ್ ಹತ್ತಿತು. 2016ರ ಆರಂಭದಲ್ಲಿ ಅದೇ ಶೀಟು ನೂರು ರೂಪಾಯಿಯ ಕೆಳಗಿಳಿಯಿತು. ಟ್ಯಾಪಿಂಗ್ ಕೂಲಿಯೂ ಹುಟ್ಟದೆ ಎಷ್ಟೋ ಮರಗಳು ಕತ್ತಿ ಕಾಣದೆ ನಿಂತವು. 2024ರ ಆಗಸ್ಟ್‌ನಲ್ಲಿ ಬೆಲೆ ಮತ್ತೆ 240 ದಾಟಿತು. ಕಚ್ಚಾ ತೈಲದ ದರ, ಥಾಯ್ಲೆಂಡಿನ ಮಳೆ, ಚೀನಾದ ಟೈರ್ ಕಾರ್ಖಾನೆಗಳ ಬೇಡಿಕೆ ಎಲ್ಲ ಸೇರಿ ಈ ಏರಿಳಿತವನ್ನು ನಿರ್ಧರಿಸುತ್ತವೆ. ಇವುಗಳಲ್ಲಿ ಒಂದೂ ಬೆಳೆಗಾರರ ಕೈಯಲ್ಲಿಲ್ಲ. ಅವರ ಕೈಯಲ್ಲಿರುವುದು ಬೆಳಗಿನ ಹೊತ್ತು ಗೆರಟೆಗೆ ಇಳಿಯುವ ಹಾಲು. ಅದು ಫಾರ್ಮಿಕ್ ಆಸಿಡ್ ಸೇರಿ ಗಟ್ಟಿಯಾಗಿ, ರೋಲರ್‌ನಲ್ಲಿ ಚಪ್ಪಟೆಯಾಗಿ, ಹೊಗೆಮನೆಯಿಂದ ಹೊರಬರುವ ಹೊತ್ತಿಗೆ ಲಕ್ಷಾಂತರ ಟನ್ ಶೀಟಿನ ರಾಶಿಯಲ್ಲಿ ಒಂದು ತುಂಡಾಗಿರುತ್ತದೆ.

ಹಾಲು ಶೀಟಾಗುವ ಮುನ್ನ ಅದಕ್ಕೆ ಮಾಡಬಹುದಾದ ಒಂದು ಕೆಲಸವಿದೆ. ರಬ್ಬರಿನ ಅಣು ಸರಪಳಿಗೆ ಬೇರೊಂದು ಪಾಲಿಮರನ್ನು ಕಸಿ ಮಾಡುವ ಕೆಲಸ ಅದು. ಎಪ್ಪತ್ತು ವರ್ಷ ಹಳೆಯ ಈ ತಂತ್ರಜ್ಞಾನದ ಬಗ್ಗೆ ನಿಮ್ಮ ಸಂಘಗಳ ಸಭೆಯಲ್ಲಿ ಒಮ್ಮೆಯಾದರೂ ಗಂಭೀರವಾಗಿ ಚರ್ಚೆಯಾಗಬೇಕು ಎಂಬುದೇ ಈ ಪತ್ರದ ಉದ್ದೇಶ.

ಮೊದಲು ರಬ್ಬರಿನ ಶಕ್ತಿ ಮತ್ತು ಕೊರತೆಯ ಮಾತು. 1826ರಲ್ಲಿ ಮೈಕೆಲ್ ಫ್ಯಾರಡೆ ರಬ್ಬರನ್ನು ವಿಶ್ಲೇಷಿಸಿ, ಐದು ಇಂಗಾಲಕ್ಕೆ ಎಂಟು ಹೈಡ್ರೋಜನ್ ಎಂಬ ಲೆಕ್ಕ ಕೊಟ್ಟರು. 1860ರಲ್ಲಿ ಗ್ರೆವಿಲ್ ವಿಲಿಯಮ್ಸ್ ರಬ್ಬರನ್ನು ಕಾಯಿಸಿ ಬಟ್ಟಿ ಇಳಿಸಿದಾಗ ದೊರೆತ ತೆಳು ದ್ರವಕ್ಕೆ ಐಸೋಪ್ರೀನ್ ಎಂದು ಹೆಸರಿಟ್ಟರು. ಸಾವಿರಾರು ಐಸೋಪ್ರೀನ್ ಅಣುಗಳು ಸಾಲಾಗಿ ಕೈ ಹಿಡಿದು ನಿಂತ ಉದ್ದನೆಯ ಸರಪಳಿಯೇ ರಬ್ಬರ್. ಆ ಸಾಲಿನ ಪ್ರತಿ ಘಟಕದಲ್ಲೂ ಒಂದು ದ್ವಿಬಂಧ ಉಳಿದಿರುತ್ತದೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಸೇರಿಸಿ ಕಾಯಿಸಿದಾಗ ಸರಪಳಿಗಳು ಒಂದಕ್ಕೊಂದು ಬೆಸೆದುಕೊಂಡದ್ದು ಈ ದ್ವಿಬಂಧಗಳ ಆಸರೆಯಿಂದ. ಬಿಸಿಲಿನಲ್ಲಿ, ಓಜೋನ್ ತಗುಲಿ ರಬ್ಬರ್ ಬಿರುಕು ಬಿಡುವುದಕ್ಕೂ ಅವೇ ಕಾರಣ.

ಎಳೆದರೆ ಹರಿಯದೆ ಹಿಗ್ಗುವ, ಬಿಟ್ಟರೆ ಮರಳುವ, ಪದೇ ಪದೇ ಬಾಗಿದರೂ ದಣಿಯದ ಗುಣದಲ್ಲಿ ನೈಸರ್ಗಿಕ ರಬ್ಬರಿಗೆ ಇಂದಿಗೂ ಸರಿಸಾಟಿ ಇಲ್ಲ. ವಿಮಾನದ ಟೈರುಗಳಿಗೆ ಅದೇ ಬೇಕು. ಆದರೆ ಅದು ಬರೀ ಇಂಗಾಲ, ಹೈಡ್ರೋಜನ್‌ಗಳ ವಸ್ತು. ವಿದ್ಯುತ್ ಧ್ರುವತೆ ಇಲ್ಲದ್ದು. ಆದ್ದರಿಂದ ಪೆಟ್ರೋಲು, ಎಣ್ಣೆ ತಗುಲಿದರೆ ಉಬ್ಬಿ ಬಲಗೆಡುತ್ತದೆ. ಪಿವಿಸಿಯಂಥ ಪ್ಲಾಸ್ಟಿಕ್‌ಗೆ ಅಂಟಿಸಹೋದರೆ ಹಿಡಿಯುವುದಿಲ್ಲ. ಕಾರ್ಬನ್ ಬ್ಲ್ಯಾಕ್ ಬೆರೆಸದೆ ಗಟ್ಟಿ ಸಾಮಾನು ಮಾಡುವುದು ಕಷ್ಟ, ಬೆರೆಸಿದರೆ ಬಣ್ಣ ಕಪ್ಪು. ಈ ಕೊರತೆಗಳಿದ್ದ ಕಡೆಯಲ್ಲೆಲ್ಲ ಕೃತಕ ರಬ್ಬರುಗಳು, ಪ್ಲಾಸ್ಟಿಕ್‌ಗಳು ಬಂದು ಕುಳಿತವು. ನೈಟ್ರೈಲ್ ಕೈಗವಸು ಆಸ್ಪತ್ರೆಗಳಲ್ಲಿ ಲೇಟೆಕ್ಸ್ ಕೈಗವಸಿನ ಜಾಗ ಹಿಡಿದದ್ದು ತೀರ ಈಚಿನ ಉದಾಹರಣೆ. ಅದಕ್ಕೆ ಲೇಟೆಕ್ಸ್‌ನ ಪ್ರೋಟೀನ್ ಕೆಲವರಿಗೆ ತರುವ ಅಲರ್ಜಿಯೂ ಕಾರಣವಾಯಿತು.

ಕಸಿಯ ಯೋಚನೆ ಹುಟ್ಟಿದ್ದು ಇಲ್ಲಿ. ಬೆಳೆಗಾರರಿಗೆ ಬಡ್ಡಿಂಗ್ ಹೊಸದಲ್ಲ. ಬೀಜದಿಂದೆದ್ದ ಗಿಡದ ಕಾಂಡದಲ್ಲಿ ಆರ್‌ಆರ್‌ಐಐ 105ರ ಕಣ್ಣು ಕೂರಿಸಿ ಕಟ್ಟಿದರೆ ಬೇರು ಒಂದರದು, ಹಾಲು ಕೊಡುವ ಮರ ಇನ್ನೊಂದರದು. ಅಣುಗಳ ಮಟ್ಟದಲ್ಲಿಯೂ ಅಂಥದ್ದೇ ಕೆಲಸ ನಡೆಯುತ್ತದೆ: ರಬ್ಬರಿನ ಸರಪಳಿಯೇ ಬುಡ, ಅದರ ಮೈಮೇಲೆ ಕೆಲವು ಕಡೆ ಬೇರೊಂದು ಪಾಲಿಮರಿನ ಉದ್ದ ಕೊಂಬೆಗಳು ಮೂಡುತ್ತವೆ. ಎರಡು ಪಾಲಿಮರುಗಳನ್ನು ಬರಿದೇ ಬೆರೆಸಿದರೆ ಅವು ಕಾಲ ಕಳೆದಂತೆ ಬೇರೆಬೇರೆ ಮುದ್ದೆಗಳಾಗಿ ಸರಿದು ನಿಲ್ಲುತ್ತವೆ, ಸೇರುವ ಗಡಿಯಲ್ಲಿ ಬಲ ಇರುವುದಿಲ್ಲ. ಕಸಿಯಲ್ಲಿ ಎರಡರ ನಡುವೆ ರಾಸಾಯನಿಕ ಬಂಧ ಇರುವುದರಿಂದ ದೂರ ಸರಿಯಲು ಸಾಧ್ಯವಿಲ್ಲ.

ಕೊಂಬೆಯಾಗಿ ಹೆಚ್ಚು ಬಳಕೆಯಾದದ್ದು ಪಾಲಿಮೀಥೈಲ್ ಮೆಥಾಕ್ರಿಲೇಟ್. ಹೆಸರು ಉದ್ದವಾದರೂ ವಸ್ತು ಪರಿಚಿತವೇ. ಅಂಗಡಿಗಳ ನಾಮಫಲಕಕ್ಕೆ ಬಳಸುವ ಅಕ್ರಿಲಿಕ್ ಹಾಳೆ ಅದು. ರಬ್ಬರ್ ಸೊನ್ನೆಗಿಂತ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಷ್ಟು ಕೆಳಗೆ ಹೋದರೆ ಮಾತ್ರ ಗಾಜಿನಂತೆ ಬಿರುಸಾಗುತ್ತದೆ. ಅಕ್ರಿಲಿಕ್ ನೂರು ಡಿಗ್ರಿಯ ಸಮೀಪ ಕಾಯುವವರೆಗೂ ಗಾಜಿನಂತೆಯೇ ಇರುತ್ತದೆ. ಇಷ್ಟು ವಿರುದ್ಧ ಸ್ವಭಾವದ ಎರಡನ್ನು ಒಂದೇ ಅಣುವಿನಲ್ಲಿ ಸೇರಿಸಿದವರ ಕಥೆ ಬೆಳೆಗಾರರಿಗೆ ತಿಳಿದಿರಬೇಕು. ಏಕೆಂದರೆ ಆ ಸಂಶೋಧನೆಗೆ ಹಣ ಕೊಟ್ಟವರು ಬೆಳೆಗಾರರೇ.

1938ರಲ್ಲಿ ಇಂಗ್ಲೆಂಡಿನಲ್ಲಿ ಬ್ರಿಟಿಷ್ ರಬ್ಬರ್ ಪ್ರೊಡ್ಯೂಸರ್ಸ್ ರಿಸರ್ಚ್ ಅಸೋಸಿಯೇಷನ್ ಸ್ಥಾಪನೆಯಾಯಿತು. ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ಅದರ ಪ್ರಯೋಗಾಲಯ. ಮಲಯದಿಂದ ರಫ್ತಾಗುವ ರಬ್ಬರಿನ ಮೇಲೆ ವಿಧಿಸಿದ ಸೆಸ್ಸಿನಿಂದ ಅದು ನಡೆಯುತ್ತಿತ್ತು. ಅದೇ ಹೊತ್ತಿಗೆ ಬೇಕನ್ ಮತ್ತು ಫಾರ್ಮರ್ ಎಂಬಿಬ್ಬರು ಮಲೇಯಿಕ್ ಅನ್‌ಹೈಡ್ರೈಡ್ ರಬ್ಬರಿನೊಂದಿಗೆ ಹೇಗೆ ಕೂಡುತ್ತದೆ ಎಂದು ತೋರಿಸಿದ್ದರು. ಯುದ್ಧ ಬಂತು. 1942ರಲ್ಲಿ ಜಪಾನಿ ಸೇನೆ ಮಲಯವನ್ನು ಹಿಡಿಯಿತು. ರಬ್ಬರ್ ಸಿಗದೆ ಕಂಗಾಲಾದ ಅಮೆರಿಕ ಕೆಲವೇ ವರ್ಷಗಳಲ್ಲಿ ಬೃಹತ್ ಕೃತಕ ರಬ್ಬರ್ ಉದ್ಯಮವನ್ನು ಕಟ್ಟಿ ನಿಲ್ಲಿಸಿತು. ಯುದ್ಧ ಮುಗಿದಾಗ ಮರದ ರಬ್ಬರಿಗೆ ಮೊದಲ ಬಾರಿಗೆ ನಿಜವಾದ ಎದುರಾಳಿ ಇತ್ತು. ವೆಲ್ವಿನ್ ಪ್ರಯೋಗಾಲಯದ ಬೇಟ್‌ಮನ್, ಮೆರೆಟ್, ಬ್ಲೂಮ್‌ಫೀಲ್ಡ್, ಸ್ವಿಫ್ಟ್ ಮುಂತಾದವರು 1950ರ ದಶಕದಲ್ಲಿ ಕಸಿ ರಬ್ಬರಿನ ಬೆನ್ನು ಹತ್ತಿದ್ದು ಈ ಸಂಕಟದ ನಡುವೆ. ಅವರು ರೂಪಿಸಿದ ವಸ್ತು 'ಹೆವಿಯಾಪ್ಲಸ್ ಎಂಜಿ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನೂರರಲ್ಲಿ 30 ಪಾಲು ಅಕ್ರಿಲಿಕ್ ಇರುವುದು ಎಂಜಿ 30; 49 ಪಾಲು ಇರುವುದು ಎಂಜಿ 49.

ಅವರು ಎದುರಿಸಿದ ತೊಡಕು ಬಹಳ ವ್ಯಾವಹಾರಿಕವಾದದ್ದು. ತೋಟದ ಹಾಲು ಕೆಡದಂತೆ ಅಮೋನಿಯಾ ಹಾಕಿರುತ್ತಾರೆ. ಪಾಲಿಮರೀಕರಣಕ್ಕೆ ಚಾಲನೆ ಕೊಡುವ ಸಾಮಾನ್ಯ ರಾಸಾಯನಿಕಗಳಲ್ಲಿ ಹಲವು ಅಮೋನಿಯಾ ತುಂಬಿದ ಹಾಲಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಾಳಿಯ ಆಮ್ಲಜನಕವೂ ಅಡ್ಡಿ. ಬ್ಲೂಮ್‌ಫೀಲ್ಡ್ ಮತ್ತು ಸ್ವಿಫ್ಟ್ 1955ರಲ್ಲಿ ಪ್ರಕಟಿಸಿದ ವಿಧಾನ ಈ ತೊಡಕನ್ನು ದಾಟಿತು. ಟರ್ಷರಿ ಬ್ಯುಟೈಲ್ ಹೈಡ್ರೋಪೆರಾಕ್ಸೈಡ್ ಮತ್ತು ಟೆಟ್ರಾಎಥಿಲೀನ್ ಪೆಂಟಮೀನ್ ಎಂಬ ಎರಡು ರಾಸಾಯನಿಕಗಳ ಜೋಡಿ ಅಮೋನಿಯಾ ಇದ್ದರೂ, ಹೆಚ್ಚು ಬಿಸಿ ಮಾಡದೆಯೇ ಕ್ರಿಯೆ ಆರಂಭಿಸುತ್ತದೆ.

ನಡೆಯುವುದು ಹೀಗೆ. ರಬ್ಬರ್ ಹಾಲಿನ ಪ್ರತಿ ಹನಿಯಲ್ಲೂ ಕೋಟ್ಯಂತರ ರಬ್ಬರ್ ಕಣಗಳು ತೇಲುತ್ತಿರುತ್ತವೆ. ಬಹುಪಾಲು ಕಣಗಳ ಗಾತ್ರ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗದಿಂದ ಎರಡು ಮೂರು ಮೈಕ್ರಾನ್. ಮೇಲೆ ಪ್ರೋಟೀನು, ಕೊಬ್ಬಿನಂಶದ ತೆಳು ಪೊರೆ, ಒಳಗೆ ರಬ್ಬರ್. ಮೀಥೈಲ್ ಮೆಥಾಕ್ರಿಲೇಟ್ ಎಂಬ ದ್ರವವನ್ನು ಸುರಿದರೆ ಅದು ನೀರಿನಲ್ಲಿ ಉಳಿಯದೆ ಕಣಗಳೊಳಗೆ ಇಳಿದು ಅವುಗಳನ್ನು ಉಬ್ಬಿಸುತ್ತದೆ. ಆಮೇಲೆ ಚಾಲಕ ಸೇರಿದಾಗ ಅತಿ ಚುರುಕಿನ, ಕ್ಷಣಿಕ ಆಯುಸ್ಸಿನ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಅವುಗಳಲ್ಲಿ ಕೆಲವು ರಬ್ಬರ್ ಸರಪಳಿಯಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತವೆ, ಇಲ್ಲವೇ ದ್ವಿಬಂಧಕ್ಕೆ ನೇರ ಸೇರಿಕೊಳ್ಳುತ್ತವೆ. ಗಾಯವಾದ ಆ ಜಾಗದಿಂದ ಅಕ್ರಿಲಿಕ್ ಕೊಂಬೆ ಬೆಳೆಯತೊಡಗುತ್ತದೆ. ಕ್ರಿಯೆ ಮುಗಿಯಲು ಕೆಲವು ಗಂಟೆ ಸಾಕು. ಕೊನೆಗೆ ಶೀಟಿಗೆ ಮಾಡುವಂತೆಯೇ ಆಮ್ಲ ಹಾಕಿ ಗಟ್ಟಿ ಮಾಡಿ, ತೊಳೆದು ಒಣಗಿಸಬಹುದು. ಅಥವಾ ಹಾಲಿನ ರೂಪದಲ್ಲೇ ಮಾರಬಹುದು.

ಸುರಿದ ಅಕ್ರಿಲಿಕ್ ಎಲ್ಲ ಕೊಂಬೆಯಾಗುವುದಿಲ್ಲ. ಒಂದು ಭಾಗ ರಬ್ಬರಿಗೆ ಅಂಟದೆ ತನ್ನಷ್ಟಕ್ಕೆ ಸರಪಳಿ ಕಟ್ಟಿಕೊಂಡು ಬಿಡುತ್ತದೆ. ಒಳ್ಳೆಯ ಕಸಿ, ಕೆಟ್ಟ ಕಸಿ ಎಂದು ಬೇರೆ ಮಾಡುವುದು ಈ ಲೆಕ್ಕ. ಒಣಗಿದ ಮಾದರಿಯನ್ನು ಪೆಟ್ರೋಲಿಯಂ ಈಥರಿನಲ್ಲಿ ತೊಳೆದರೆ ಕಸಿಯಾಗದ ರಬ್ಬರ್ ಕರಗಿ ಹೋಗುತ್ತದೆ; ಅಸಿಟೋನಿನಲ್ಲಿ ತೊಳೆದರೆ ಬಿಡಿ ಅಕ್ರಿಲಿಕ್ ಹೋಗುತ್ತದೆ. ಉಳಿದದ್ದು ನಿಜವಾದ ಕಸಿ. ಚಾಲಕದ ಆಯ್ಕೆ ಎಷ್ಟು ಮುಖ್ಯ ಎಂಬುದಕ್ಕೆ ಒಂದೇ ಉದಾಹರಣೆ ಸಾಕು: ಬೆಂಜಾಯಿಲ್ ಪೆರಾಕ್ಸೈಡ್ ಬಳಸಿದರೆ ಕಸಿ ಆಗುತ್ತದೆ. ಪಾಲಿಮರ್ ಉದ್ಯಮದಲ್ಲಿ ಅಷ್ಟೇ ಬಳಕೆಯಲ್ಲಿರುವ ಎಐಬಿಎನ್ ಎಂಬ ಚಾಲಕ ಬಳಸಿದರೆ ಕಸಿ ಹೆಚ್ಚುಕಡಿಮೆ ಆಗುವುದೇ ಇಲ್ಲ, ಏಕೆಂದರೆ ಅದರ ರ‍್ಯಾಡಿಕಲ್‌ಗಳಿಗೆ ರಬ್ಬರಿನ ಮೇಲೆ ದಾಳಿ ಮಾಡುವಷ್ಟು ಬಲವಿಲ್ಲ. ಹಾಲು ಅದೇ, ಅಕ್ರಿಲಿಕ್ ಅದೇ, ಫಲ ಮಾತ್ರ ಪೂರ್ತಿ ಬೇರೆ. 1950ರ ದಶಕದ ಕೊನೆಗೆ ವಿಕಿರಣಶೀಲ ಇಂಗಾಲದ ಗುರುತು ಹಾಕಿದ ಚಾಲಕಗಳನ್ನು ಬಳಸಿ ಸಂಶೋಧಕರು ಇದನ್ನು ಹೆಜ್ಜೆಹೆಜ್ಜೆಗೂ ಪತ್ತೆ ಮಾಡಿದರು.

ಮೆರೆಟ್ ಕಂಡುಕೊಂಡ ಒಂದು ಸಂಗತಿಯನ್ನಂತೂ ಹೇಳಲೇಬೇಕು. ಅವರು ಕಸಿ ರಬ್ಬರನ್ನು ಎರಡೂ ಭಾಗಗಳನ್ನು ಕರಗಿಸಬಲ್ಲ ಬೆಂಜೀನಿನಲ್ಲಿ ಕರಗಿಸಿದರು. ಆ ದ್ರಾವಣದ ಒಂದು ಪಾಲಿಗೆ ಮೆಥನಾಲ್ ಸೇರಿಸಿದಾಗ ರಬ್ಬರ್ ಭಾಗ ಮುದುಡಿಕೊಂಡಿತು, ಅಕ್ರಿಲಿಕ್ ಕೊಂಬೆಗಳು ಚಾಚಿಕೊಂಡೇ ಉಳಿದವು. ಅದನ್ನು ಒಣಗಿಸಿದಾಗ ಸಿಕ್ಕಿದ್ದು ಗಡುಸಾದ, ಅಂಟದ ಹಾಳೆ. ಇನ್ನೊಂದು ಪಾಲಿಗೆ ಪೆಟ್ರೋಲಿಯಂ ಈಥರ್ ಸೇರಿಸಿದಾಗ ಅಕ್ರಿಲಿಕ್ ಮುದುಡಿತು, ರಬ್ಬರ್ ಚಾಚಿಕೊಂಡಿತು. ಒಣಗಿಸಿದರೆ ಮೆತ್ತನೆಯ, ಬಾಗುವ ಹಾಳೆ. ರಾಸಾಯನಿಕವಾಗಿ ಎರಡೂ ಒಂದೇ ವಸ್ತು. ಒಂದೇ ಸೀಸೆಯಿಂದ ಬಂದದ್ದು. ಯಾವ ಭಾಗ ಹೊರಗೆ ಚಾಚಿದೆ ಎಂಬುದೇ ಅದು ಪ್ಲಾಸ್ಟಿಕ್ಕೋ ರಬ್ಬರೋ ಎಂಬುದನ್ನು ನಿರ್ಧರಿಸಿತು. ಪಾಲಿಮರ್ ವಿಜ್ಞಾನದಲ್ಲಿ ಇದಕ್ಕಿಂತ ಸುಂದರವಾದ ಪ್ರಯೋಗಗಳು ಹೆಚ್ಚಿಲ್ಲ. ವ್ಯಾಪಾರದ ದೃಷ್ಟಿಯಿಂದಲೂ ಇದು ಗಮನಿಸಬೇಕಾದ ಮಾತು. ಶೀಟು ಮಾರುವವನು ತೂಕ ಮತ್ತು ದರ್ಜೆ ಮಾರುತ್ತಾನೆ. ಕಸಿ ರಬ್ಬರ್ ಮಾಡುವವನ ಬಳಿ ಅದನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ತಿಳಿವೂ ಇರುತ್ತದೆ, ಆ ತಿಳಿವಿಗೆ ಬೆಲೆ ಇದೆ.

ಈ ವಸ್ತುವಿನಿಂದ ಏನೇನಾಯಿತು? ಅಕ್ರಿಲಿಕ್ ಕೊಂಬೆಗಳು ರಬ್ಬರಿನೊಳಗೇ ಸಣ್ಣ ಸಣ್ಣ ಗಡುಸು ತಾಣಗಳಾಗಿ ನಿಂತು ಬಲ ಕೊಡುವುದರಿಂದ ಕಾರ್ಬನ್ ಬ್ಲ್ಯಾಕ್ ಇಲ್ಲದೆಯೇ ತಿಳಿಬಣ್ಣದ ಗಟ್ಟಿ ಸಾಮಾನು ಮಾಡಲು ಬಂತು. ಹೊಡೆತ ತಿಂದರೂ ಒಡೆಯದ, ಬಾಗಿದರೂ ಬಿರುಕು ಬಿಡದ ಸಾಮಾನು. ಪಾದರಕ್ಷೆ ಉದ್ಯಮದಲ್ಲಿ ರಬ್ಬರನ್ನೂ ಪಿವಿಸಿಯನ್ನೂ ಒಂದಕ್ಕೊಂದು ಅಂಟಿಸಲು ಎಂಜಿ ರಬ್ಬರಿನ ಅಂಟು ಕೆಲಸಕ್ಕೆ ಬಂತು. ರಬ್ಬರ್ ಪಾಲು ರಬ್ಬರನ್ನು ಹಿಡಿಯುತ್ತದೆ, ಅಕ್ರಿಲಿಕ್ ಪಾಲು ಪಿವಿಸಿಯನ್ನು ಹಿಡಿಯುತ್ತದೆ. ಮಲೇಷ್ಯಾದಲ್ಲಿ ಇದರ ತಯಾರಿಕೆ ಮುಂದುವರಿಯಿತು. ಅಲ್ಲಿನ ವಿಶ್ವವಿದ್ಯಾಲಯಗಳು ಎಂಜಿ 30, ಎಂಜಿ 49ಕ್ಕೆ ಲಿಥಿಯಂ ಲವಣ ಬೆರೆಸಿ ಬ್ಯಾಟರಿಗಳಿಗೆ ಘನರೂಪದ ಎಲೆಕ್ಟ್ರೋಲೈಟ್ ಆಗಬಹುದೇ ಎಂದು ಪರೀಕ್ಷಿಸಿವೆ. ಥಾಯ್ಲೆಂಡಿನ ಸಂಶೋಧಕರು ಮಲೇಯಿಕ್ ಅನ್‌ಹೈಡ್ರೈಡ್ ಕೂಡಿಸಿದ ರಬ್ಬರನ್ನು ಮರಗೆಣಸಿನ ಪಿಷ್ಟದೊಂದಿಗೆ ಬೆರೆಸಿದ್ದಾರೆ. ಕೊಟ್ಟಾಯಂನ ಭಾರತೀಯ ರಬ್ಬರ್ ಸಂಶೋಧನಾ ಸಂಸ್ಥೆಯೂ ಹಿಂದೆ ಬಿದ್ದಿಲ್ಲ. ಚಾಲಕ ರಾಸಾಯನಿಕದ ಬದಲು ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸಿ ಹಾಲಿನಲ್ಲೇ ಕಸಿ ಮಾಡುವ ಪ್ರಯೋಗಗಳು ಅಲ್ಲಿ 1980ರ ದಶಕದಲ್ಲೇ ನಡೆದಿವೆ.

ಆದರೂ ಎಂಜಿ ರಬ್ಬರಿನ ಮಾರುಕಟ್ಟೆ ಇಂದಿಗೂ ಸಣ್ಣದು. ಇದನ್ನು ಮುಚ್ಚಿಟ್ಟು ಬೆಳೆಗಾರರಿಗೆ ಆಸೆ ಹುಟ್ಟಿಸುವುದು ಸರಿಯಲ್ಲ.

ಏಕೆ ಸಣ್ಣದಾಯಿತು ಎಂಬುದಕ್ಕೆ ಇನ್ನೊಂದು ಕಥೆ ಇದೆ. ಇವಾನ್ ಆಸ್ಟ್ರೊಮಿಸ್ಲೆನ್ಸ್ಕಿ ಎಂಬ ರಷ್ಯನ್ ಮೂಲದ ರಸಾಯನವಿಜ್ಞಾನಿ ಅಮೆರಿಕದಲ್ಲಿದ್ದಾಗ 1927ರಲ್ಲಿ ಒಂದು ಪೇಟೆಂಟ್ ಪಡೆದರು. ಸ್ಟೈರೀನ್ ಎಂಬ ದ್ರವದಲ್ಲಿ ರಬ್ಬರನ್ನು ಕರಗಿಸಿ, ಆ ಸ್ಟೈರೀನನ್ನು ಪಾಲಿಮರ್ ಆಗಿಸುವ ವಿಧಾನ ಅದು. ಬರೀ ಪಾಲಿಸ್ಟೈರೀನ್ ಕೆಳಗೆ ಬಿದ್ದರೆ ಒಡೆಯುವ ವಸ್ತು, ಈ ರಬ್ಬರ್ ಕೂಡಿದ್ದು ಒಡೆಯುವುದಿಲ್ಲ. ಕಸಿ ಎಂಬ ತಿಳಿವಳಿಕೆ ಇನ್ನೂ ಗಟ್ಟಿಯಾಗದ ಕಾಲದಲ್ಲಿ ಆದ ಈ ಕೆಲಸವೇ ಮುಂದೆ ಹೈ ಇಂಪ್ಯಾಕ್ಟ್ ಪಾಲಿಸ್ಟೈರೀನ್ ಮತ್ತು ಎಬಿಎಸ್ ಪ್ಲಾಸ್ಟಿಕ್ ಉದ್ಯಮಗಳಿಗೆ ದಾರಿ ತೋರಿಸಿತು. ಫ್ರಿಜ್ಜಿನ ಒಳಗೋಡೆ, ಹೆಲ್ಮೆಟ್ಟಿನ ಚಿಪ್ಪು, 1963ರಿಂದ ಮಕ್ಕಳು ಜೋಡಿಸುವ ಲೆಗೊ ಇಟ್ಟಿಗೆ, ಎಲ್ಲದರೊಳಗೂ ರಬ್ಬರಿಗೆ ಕಸಿ ಮಾಡಿದ ಪ್ಲಾಸ್ಟಿಕ್ ಇದೆ. ಆದರೆ ಅಲ್ಲಿರುವ ರಬ್ಬರ್ ಮರದ್ದಲ್ಲ, ಪೆಟ್ರೋಲಿಯಂನಿಂದ ಮಾಡಿದ ಪಾಲಿಬ್ಯುಟಾಡೀನ್. ಮರದ ರಬ್ಬರಿಗಿಂತ ಹೆಚ್ಚು ಚಳಿಯಲ್ಲೂ ಅದು ಮೆದುವಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾರ್ಖಾನೆಯಿಂದ ಬರುವ ಪ್ರತಿ ಲಾಟೂ ಹಿಂದಿನ ಲಾಟಿನಂತೆಯೇ ಇರುತ್ತದೆ. ಮರದ ಹಾಲು ಹಾಗಲ್ಲ. ತಳಿ ಬದಲಾದರೆ, ತಿಂಗಳು ಬದಲಾದರೆ, ಮಣ್ಣು ಬದಲಾದರೆ ಅದರ ಗುಣ ಬದಲಾಗುತ್ತದೆ. ಕೈಗಾರಿಕೆಗೆ ಬೇಕಾದದ್ದು ನಂಬಬಹುದಾದ ಏಕರೂಪತೆ. ಮರದ ರಬ್ಬರಿನ ಸುತ್ತ ಹುಟ್ಟಿದ ಕಲ್ಪನೆಯ ಸಂಪತ್ತು ಪೆಟ್ರೋಲಿಯಂ ಕಂಪನಿಗಳ ಮನೆಗೆ ಹೋದದ್ದು ಬಹುಮಟ್ಟಿಗೆ ಈ ಕಾರಣದಿಂದ.

ಈ ಸೋಲಿನಿಂದ ಕಲಿಯಬೇಕಾದದ್ದೂ, ಕರಾವಳಿಯ ಬೆಳೆಗಾರರು ಎಲ್ಲಿಂದ ಆರಂಭಿಸಬೇಕು ಎಂಬುದೂ ಒಂದೇ: ಹಾಲು.

ಕಸಿಯ ಅತ್ಯುತ್ತಮ ವಿಧಾನಗಳು ನಡೆಯುವುದು ಶೀಟಿನಲ್ಲಲ್ಲ, ಹಾಲಿನಲ್ಲಿ. ತೋಟದ ಹಾಲಿನಲ್ಲಿ ರಬ್ಬರಿನ ಪಾಲು ನೂರಕ್ಕೆ ಮೂವತ್ತರಿಂದ ನಲವತ್ತು, ಉಳಿದದ್ದು ಬಹುಪಾಲು ನೀರು. ಅಮೋನಿಯಾ ಬೀಳದಿದ್ದರೆ ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ಅದನ್ನು ಹುಳಿ ಮಾಡಿ ಹೆಪ್ಪುಗಟ್ಟಿಸುತ್ತವೆ. ಸೆಂಟ್ರಿಫ್ಯೂಜ್ ಮಾಡಿ ಶೇ. 60ಕ್ಕೆ ಏರಿಸಿದರೂ ಲಾರಿಯಲ್ಲಿ ಸಾಗಿಸುವ ತೂಕದಲ್ಲಿ ನಲವತ್ತು ಪಾಲು ನೀರೇ. ಒಣ ಶೀಟನ್ನು ಬಂದರಿನಿಂದ ಬಂದರಿಗೆ ಸಾಗಿಸುವವನಿಗೆ ಇದು ತಲೆನೋವು. ಮರದ ಬುಡದಲ್ಲೇ ಇರುವವನಿಗೆ ಇದೇ ಅನುಕೂಲ. 2023-24ರಲ್ಲಿ ದೇಶ ಬಳಸಿದ ನೈಸರ್ಗಿಕ ರಬ್ಬರ್ ಸುಮಾರು 14 ಲಕ್ಷ ಟನ್, ಬೆಳೆದದ್ದು ಸುಮಾರು 8.5 ಲಕ್ಷ ಟನ್. ಕೊರತೆಯ ಬಹುಪಾಲನ್ನು ತುಂಬುವುದು ಒಣ ರೂಪದಲ್ಲಿ ಬರುವ ಆಮದು ರಬ್ಬರ್, ಶೀಟಿನ ಬೆಲೆ ಅದರ ಜೊತೆ ಸೆಣಸಬೇಕು. ತಾಜಾ, ಶುದ್ಧ ಹಾಲಿನಿಂದಲೇ ಆಗುವ ವಸ್ತುವಿಗೆ ಆ ಸ್ಪರ್ಧೆ ಅಷ್ಟು ಕಠಿಣವಲ್ಲ.

ದಕ್ಷಿಣ ಕನ್ನಡಕ್ಕೆ ಇಂಥ ಸಾಹಸ ಹೊಸದೂ ಅಲ್ಲ. 1970ರ ದಶಕದಲ್ಲಿ ಅಡಿಕೆಯ ನಡುವೆ ಕೊಕ್ಕೋ ಬೆಳೆಯಿರಿ ಎಂದು ಪ್ರೋತ್ಸಾಹಿಸಿದ ಖರೀದಿದಾರರು ಆಮೇಲೆ ಬೆಲೆ ಕುಸಿದಾಗ ಹಿಂದೆ ಸರಿದರು. 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡಿದ್ದ ಕ್ಯಾಂಪ್ಕೋ ಆಗ ಕೊಕ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಚಾಕೊಲೇಟಿನ ತಂತ್ರ ಕಲಿಯುವುದು ಅಡಿಕೆ ಬೆಳೆಗಾರರಿಗೆ ರಬ್ಬರಿನ ಕಸಿಗಿಂತ ಸುಲಭವೇನೂ ಆಗಿರಲಿಲ್ಲ. ಕ್ಯಾಂಪ್ಕೋ ಈಗ ರಬ್ಬರನ್ನೂ ಕೊಳ್ಳುತ್ತದೆ. ಸುಳ್ಯ, ಪುತ್ತೂರು ಭಾಗದಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ದೊಡ್ಡ ರಬ್ಬರ್ ತೋಟಗಳಿವೆ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಅಲ್ಲಿ ಮರ ಕೆತ್ತುತ್ತ ಬಂದಿವೆ. ನಿಗಮದ ಹಾಲು, ಸಂಘಗಳ ಹಾಲು, ಕ್ಯಾಂಪ್ಕೋದಂಥ ಸಂಸ್ಥೆಯ ಮಾರಾಟದ ಅನುಭವ ಒಂದೆಡೆ ಸೇರಬಹುದಾದ ಜಿಲ್ಲೆ ದೇಶದಲ್ಲಿ ಇನ್ನೆಷ್ಟಿವೆ?

ಎಚ್ಚರಿಕೆಯ ಮಾತುಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮೀಥೈಲ್ ಮೆಥಾಕ್ರಿಲೇಟ್ ಬಲು ಬೇಗ ಹೊತ್ತಿಕೊಳ್ಳುವ ದ್ರವ. 10 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಅದರ ಆವಿ ಕಿಡಿ ಹಿಡಿಯಬಲ್ಲದು. ನಮ್ಮ ಊರಿನ ಯಾವ ಋತುವಿನಲ್ಲೂ ಅದು ಅಪಾಯದ ಮಟ್ಟದ ಮೇಲೆಯೇ ಇರುತ್ತದೆ. ವಾಸನೆ ತಲೆ ನೋಯಿಸುತ್ತದೆ, ಚರ್ಮಕ್ಕೆ ತಾಗಿದರೆ ಕೆಲವರಿಗೆ ಅಲರ್ಜಿ. ಕ್ರಿಯೆ ನಡೆಯುವಾಗ ಬಿಸಿ ಹುಟ್ಟುತ್ತದೆ, ಆ ಬಿಸಿಯನ್ನು ತೆಗೆಯುವ ವ್ಯವಸ್ಥೆ ಇಲ್ಲದಿದ್ದರೆ ಕ್ರಿಯೆ ಕೈಮೀರಬಹುದು. ಹೊಗೆಮನೆಯ ಪಕ್ಕದ ಶೆಡ್ಡಿನಲ್ಲಿ ಡ್ರಮ್ ಇಟ್ಟು ಮಾಡುವ ಕೆಲಸ ಇದು ಖಂಡಿತ ಅಲ್ಲ. ತರಬೇತಾದ ರಸಾಯನವಿಜ್ಞಾನಿ, ಮುಚ್ಚಿದ ಪಾತ್ರೆ, ತಂಪು ನೀರಿನ ಸುತ್ತು, ಅಗ್ನಿಶಾಮಕ ಪರವಾನಗಿ, ತೊಳೆದ ನೀರಿನ ಶುದ್ಧೀಕರಣ, ಇವಿಲ್ಲದೆ ಯಾರೂ ಕೈ ಹಾಕಬಾರದು. ಆ ದ್ರವ ಪೆಟ್ರೋಲಿಯಂ ಮೂಲದ್ದು ಎಂಬುದೂ ನಿಜ. ಅಂದರೆ ಎಂಜಿ 49ರಲ್ಲಿ ಅರ್ಧದಷ್ಟು ಮಾತ್ರ ಮರದ್ದು. ತೈಲದ ಬೆಲೆ ಏರಿದರೆ ಅದರ ಖರ್ಚೂ ಏರುತ್ತದೆ.

ಮಳೆಯ ಪ್ರಶ್ನೆ ಬೇರೆ. ಜೂನ್‌ನಿಂದ ಮೂರು ನಾಲ್ಕು ತಿಂಗಳು ರೈನ್ ಗಾರ್ಡ್ ಇಲ್ಲದ ತೋಟದಲ್ಲಿ ಟ್ಯಾಪಿಂಗ್ ನಡೆಯುವುದಿಲ್ಲ. ಎಲೆ ಉದುರಿ ಚಿಗುರುವ ಫೆಬ್ರವರಿ, ಮಾರ್ಚ್‌ನಲ್ಲಿ ಹಾಲು ಕಡಿಮೆ. ವರ್ಷವಿಡೀ ನಡೆಯಬೇಕಾದ ಘಟಕಕ್ಕೆ ಹಾಲನ್ನು ಅಮೋನಿಯಾ ಹಾಕಿ ತಿಂಗಳುಗಟ್ಟಲೆ ಕಾಪಾಡುವ ಟ್ಯಾಂಕುಗಳು ಬೇಕಾಗುತ್ತವೆ. ಇದರ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಯೋಜನಾ ವರದಿಯನ್ನೂ ನಂಬಬೇಡಿ.

ಹಾಗಾದರೆ ಈಗ ಮಾಡಬೇಕಾದದ್ದೇನು? ಕಾರ್ಖಾನೆ ಕಟ್ಟುವುದು ಕೊನೆಯ ಹೆಜ್ಜೆ. ಮೊದಲನೆಯದು ಹಾಲಿನ ಶಿಸ್ತು. ಒಳ್ಳೆಯ ಕಸಿಗೆ ಬೇಕಾದದ್ದು ಸೋಸಿದ, ಗೆರಟೆಯಲ್ಲಿ ಹುಳಿಯಾಗದ, ಸರಿಯಾದ ಹೊತ್ತಿಗೆ ಅಮೋನಿಯಾ ಬಿದ್ದ, ಮೆಗ್ನೀಸಿಯಂ ತೆಗೆದ ಹಾಲು. ಸಂಘಗಳು ಶೀಟಿನ ಜೊತೆಗೆ ಹಾಲನ್ನೂ ಸಂಗ್ರಹಿಸುವ ಮಾರ್ಗಗಳನ್ನು ಆರಂಭಿಸಿ, ಲೀಟರಿನ ಲೆಕ್ಕ ಬಿಟ್ಟು ಒಣ ರಬ್ಬರಿನ ಅಂಶ ಅಳೆದು ಹಣ ಕೊಡಬೇಕು. ನೀರು ಬೆರೆಸಿದವನಿಗೂ ಬೆರೆಸದವನಿಗೂ ಒಂದೇ ಬೆಲೆ ಸಿಕ್ಕರೆ ಶಿಸ್ತು ಉಳಿಯುವುದಿಲ್ಲ. ಜಿಲ್ಲೆಯ ಹಾಲು ಒಕ್ಕೂಟ ಕೊಬ್ಬಿನ ಅಂಶ ನೋಡಿ ದುಡ್ಡು ಕೊಡುವುದನ್ನು ನಿಮ್ಮಲ್ಲಿ ಬಹಳಷ್ಟು ಮಂದಿ ಹೈನುಗಾರರಾಗಿ ಬಲ್ಲಿರಿ. ಶಿಸ್ತಿನ ಹಾಲಿಗೆ ಕಸಿಯ ಘಟಕ ಬರುವ ಮುಂಚೆಯೇ ಗಿರಾಕಿ ಇದ್ದಾರೆ: ಕೈಗವಸು, ಬಲೂನು, ಫೋಮ್ ಹಾಸಿಗೆ, ಎಲಾಸ್ಟಿಕ್ ದಾರ ಮಾಡುವವರು. ಆದ್ದರಿಂದ ಈ ಹೆಜ್ಜೆ ಯಾವ ಸ್ಥಿತಿಯಲ್ಲೂ ವ್ಯರ್ಥವಾಗದು.

ರಬ್ಬರ್ ಮಂಡಳಿಯ ಮುಂದೆ ನಿರ್ದಿಷ್ಟ ಬೇಡಿಕೆ ಇಡುವುದು ಇನ್ನೊಂದು ಕೆಲಸ. ಕೊಟ್ಟಾಯಂನ ಪ್ರಯೋಗಾಲಯದಲ್ಲಿ ದಶಕಗಳಿಂದ ಕೂತಿರುವ ಕಸಿಯ ಜ್ಞಾನ ಕರಾವಳಿಯ ಹಾಲಿನ ಮೇಲೆ ಪರೀಕ್ಷೆಗೆ ಒಳಗಾಗಲಿ. ಇಲ್ಲಿನ ತಳಿಗಳ, ಇಲ್ಲಿನ ತಿಂಗಳುಗಳ ಹಾಲಿನಲ್ಲಿ ಕಸಿಯ ಪ್ರಮಾಣ ಎಷ್ಟು ಬದಲಾಗುತ್ತದೆ ಎಂಬುದರ ಒಂದು ವರ್ಷದ ದಾಖಲೆಯನ್ನು ಕೇಳಿ. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ ಜಿಲ್ಲೆಯಲ್ಲೇ ಇದೆ. ಅಲ್ಲಿನ ರಸಾಯನ ಎಂಜಿನಿಯರಿಂಗ್ ವಿಭಾಗದ ಬಾಗಿಲನ್ನೂ ತಟ್ಟಿ. ಗಿರಾಕಿಯನ್ನು ಹುಡುಕುವುದು ಇದರ ಜೊತೆಜೊತೆಗೇ ಆಗಬೇಕು. ಪಾದರಕ್ಷೆ ಮತ್ತು ಅಂಟು ತಯಾರಕರಿಗೆ ಮಾದರಿ ಕೊಟ್ಟು, ಅವರ ಬಾಯಿಂದ ಬೇಕು ಅಥವಾ ಬೇಡ ಎಂಬ ಉತ್ತರ ಬರುವ ತನಕ ಒಂದು ಇಟ್ಟಿಗೆಯನ್ನೂ ಇಡಬಾರದು.

ಟೈರಿನ ಜಗತ್ತೂ ಬದಲಾಗುತ್ತಿದೆ. 2008ರಲ್ಲಿ ಜಪಾನಿನ ಸುಮಿಟೊಮೊ ಕಂಪನಿ ಶೇ. 97ರಷ್ಟು ಪೆಟ್ರೋಲಿಯಮೇತರ ವಸ್ತುಗಳಿಂದಾದ ಟೈರನ್ನು ತಂದಾಗ, ಕೃತಕ ರಬ್ಬರಿನ ಜಾಗದಲ್ಲಿ ನಿಂತದ್ದು ರಾಸಾಯನಿಕವಾಗಿ ಮಾರ್ಪಡಿಸಿದ ಮರದ ರಬ್ಬರ್. ಅಲ್ಲಿ ಬಳಸಿದ್ದು ಕಸಿಯಲ್ಲ, ದ್ವಿಬಂಧಗಳಿಗೆ ಆಮ್ಲಜನಕ ಕೂಡಿಸುವ ಎಪಾಕ್ಸಿಡೀಕರಣ. ಆ ಕೆಲಸವೂ ಹಾಲಿನಲ್ಲೇ ಆಗುತ್ತದೆ. ಅದೂ ಬೆಳೆದದ್ದು ಮಲೇಷ್ಯಾದ ಬೆಳೆಗಾರರ ಹಣದಿಂದ ನಡೆದ ಪ್ರಯೋಗಾಲಯದಲ್ಲಿ. ಸಿಲಿಕಾ ಬೆರೆಸಿದ, ಇಂಧನ ಉಳಿಸುವ ಟೈರುಗಳಿಗೆ ಧ್ರುವತೆ ಇರುವ ರಬ್ಬರ್ ಬೇಕು. ಕಸಿ, ಎಪಾಕ್ಸಿಡೀಕರಣ ಎರಡೂ ಮರದ ರಬ್ಬರಿಗೆ ಅದನ್ನೇ ಕೊಡುತ್ತವೆ.

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳು ಸೆಪ್ಟೆಂಬರ್‌ನೊಳಗೆ ನಡೆಯುತ್ತವೆ. ಈ ಸಲದ ಕಾರ್ಯಸೂಚಿಯಲ್ಲಿ ಹಾಲಿನ ಸಂಗ್ರಹಣೆ ಮತ್ತು ರಬ್ಬರಿನ ರಾಸಾಯನಿಕ ಮಾರ್ಪಾಡು ಎಂಬ ಒಂದು ವಿಷಯ ಸೇರಿಸಿ. ನಾಲ್ಕೂ ತಾಲೂಕುಗಳ ಸಂಘಗಳಿಂದ ಒಬ್ಬೊಬ್ಬರನ್ನು ಆರಿಸಿ ಒಂದು ಸಣ್ಣ ಸಮಿತಿ ಮಾಡಿ. ಓದಿದ ಮಕ್ಕಳು ಬೆಂಗಳೂರು ಬಿಟ್ಟು ತೋಟಕ್ಕೆ ಮರಳಿದ್ದರೆ, ಅವರಲ್ಲಿ ರಸಾಯನಶಾಸ್ತ್ರ ಓದಿದವರನ್ನು ಅದಕ್ಕೆ ಸೇರಿಸಿ. ಸಮಿತಿಯನ್ನು ಕೊಟ್ಟಾಯಂಗೆ ಕಳಿಸಿ, ಹಾಲು ಸಂಸ್ಕರಿಸುವ ಒಂದು ಘಟಕವನ್ನು ನೋಡಿಸಿ, ಆರು ತಿಂಗಳಲ್ಲಿ ಲಿಖಿತ ವರದಿ ತರಿಸಿಕೊಳ್ಳಿ. ವರದಿ ಬೇಡ ಎಂದರೆ ಬೇಡ. ಬೇಕು ಎಂದರೆ ಸದಸ್ಯರ ಮುಂದೆ ಲೆಕ್ಕ ಬಿಚ್ಚಿಟ್ಟು ಮುಂದಿನ ಹೆಜ್ಜೆ ಇಡಿ.


ನಿಮ್ಮ ಹಿತೈಷಿ